ಊಟಕ್ಕೆ ಬರುತ್ತಿದ್ದ ಸಿಸ್ಟರ್

ಹೋದ ತಿಂಗಳು ಶಿವಮೊಗ್ಗದ ಹೊಸಮನೆ ಬಡಾವಣೆಯ ನಮ್ಮ ಬೀದಿಯಲ್ಲಿ ಬೆಳಗಿನ ವಾಕಿಂಗ್ ಮುಗಿಸಿ ಬರುವಾಗ ಯಾರದೋ ಅಡುಗೆಮನೆಯಿಂದ ಹುರುಳಿ ಬೇಯುವ ವಾಸನೆ ಬಂತು. ಹುರುಳಿಯೇನು ಮಲ್ಲಿಗೆಯೇ, ನಿಂತು ಮೂಸುವುದಕ್ಕೆ? ಆದರೂ ನಿಂತೆ. ಗೇಟಿನೊಳಗಿನ ನಾಯಿ ಬೊಗಳುವವರೆಗೂ ನಿಂತೇ ಇದ್ದೆ. ಇಷ್ಟು ವರ್ಷಗಳಾದರೂ ಆ ಸಿಸ್ಟರ್ ಮೇಲಿನ ನನ್ನ ಹೊಟ್ಟೆಕಿಚ್ಚು ಆರಿಲ್ಲವೆಂದು ಆಗ ತಿಳಿಯಿತು...

ನಾನು ಡಾಕ್ಟರು. ದುರ್ಗಿಗುಡಿಯ ಹತ್ತಿರದ ಆಸ್ಪತ್ರೆಯೊಂದರಲ್ಲಿ ಸಕ್ಕರೆ ಕಾಯಿಲೆ, ಬಿಪಿ ನೋಡುತ್ತಿದ್ದೆ. ನನ್ನ ಕೋಣೆಯ ಮುಂದೆ ಜನ ಬೆಂಚು ಸಾಲದೆ ಮೆಟ್ಟಿಲ ಮೇಲೂ ಕೂರುತ್ತಿದ್ದರು, ಅದೇ ನನ್ನ ಹೆಮ್ಮೆ. ಅಷ್ಟರಲ್ಲಿ ಆಡಳಿತದವರು ಹೊಸ ಪದ್ಧತಿ ತಂದರು. ಎಷ್ಟು ರೋಗಿಗಳನ್ನು ನೋಡಿದಿರಿ ಎಂದು ಇನ್ನು ಕೇಳುವುದಿಲ್ಲ, ಅವರಲ್ಲಿ ಎಷ್ಟು ಜನ ಸುಧಾರಿಸಿದರು ಎಂದಷ್ಟೇ ಕೇಳುತ್ತೇವೆ ಎಂದರು. ಮಾತ್ರೆಯಂತೆಯೇ ಊಟ, ನಡಿಗೆ, ನಿದ್ದೆಗಳೂ ಚಿಕಿತ್ಸೆಯೇ ಎಂದರು. ನಮ್ಮಲ್ಲಿ ಪ್ರತಿಯೊಬ್ಬರಿಗೂ ಅವರವರ ರೋಗಿಗಳ ಒಂದೊಂದು ಪಟ್ಟಿ. ಮೂರು ತಿಂಗಳಿಗೊಮ್ಮೆ ಮೀಟಿಂಗ್ ಹಾಲಿನ ಬೋರ್ಡಿನಲ್ಲಿ, ಸಕ್ಕರೆ ಇಳಿದ ರೋಗಿಗೆ ಹಸಿರು ಚುಕ್ಕೆ, ಏರಿದ ರೋಗಿಗೆ ಕೆಂಪು ಚುಕ್ಕೆ.

ನನ್ನ ಪಟ್ಟಿ ತೊಂಡೆಹಣ್ಣಿನಂತೆ ಕೆಂಪಗಿತ್ತು. ಹಸಿರಾಗಿದ್ದದ್ದು ಭದ್ರಾವತಿಯ ಪಟ್ಟಿ. ಅಲ್ಲಿ ಕಾರ್ಖಾನೆ ಕ್ವಾರ್ಟರ್ಸಿನ ಹತ್ತಿರ ನಮ್ಮ ಆಸ್ಪತ್ರೆಯದೇ ಎರಡು ಕೋಣೆಯ ಕ್ಲಿನಿಕ್ ಇತ್ತು. ನೋಡಿಕೊಳ್ಳುತ್ತಿದ್ದವರು ಕುಂಸಿ ಕಡೆಯ ಒಬ್ಬ ಸಿಸ್ಟರ್. ಐವತ್ತರ ಆಸುಪಾಸಿನವರು, ಕುಳ್ಳಗೆ, ನಗುವಾಗ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುವವರು. ಅವರಿಗೆ ಮಾತ್ರೆ ಬರೆಯುವ ಅಧಿಕಾರವಿರಲಿಲ್ಲ. ಅದಕ್ಕೆ ಅವರ ರೋಗಿಗಳು ಮೂರು ತಿಂಗಳಿಗೊಮ್ಮೆ ಶಿವಮೊಗ್ಗಕ್ಕೆ ನನ್ನ ಹತ್ತಿರವೇ ಬರಬೇಕಿತ್ತು. ಹೊಟ್ಟೆ ಉರಿಯುತ್ತಿದ್ದದ್ದು ಅಲ್ಲಿಯೇ.

ಭದ್ರಾವತಿಯ ಕಾರ್ಖಾನೆಯಲ್ಲಿ ಕ್ರೇನ್ ಓಡಿಸಿ ರಿಟೈರ್ ಆದ ಒಬ್ಬರಿದ್ದರು. ಹತ್ತು ವರ್ಷ ನನ್ನ ರೋಗಿ. ಆ ಹತ್ತು ವರ್ಷವೂ ನಾನು ಬೈದೆ, ಅವರು ತಲೆಯಾಡಿಸಿದರು, ನಾನು ಮಾತ್ರೆ ಏರಿಸಿದೆ. ಸಿಸ್ಟರ್ ಪಟ್ಟಿಗೆ ಸೇರಿದ ಮೇಲೆ ಎರಡನೆಯ ಸಲ ಬಂದಾಗ ಅವರ ರಿಪೋರ್ಟು ನೋಡಿ ನಾನೇ ಒಂದು ಮಾತ್ರೆ ನಿಲ್ಲಿಸಬೇಕಾಯಿತು. ಬರೆದದ್ದು ನನ್ನ ಪೆನ್ನು, ಹೆಸರು ಸಿಸ್ಟರಿಗೆ. ಅವರ ಹೆಂಡತಿ ನನ್ನೆದುರಿಗೇ ಸಿಸ್ಟರ್ ಗುಣ ಹಾಡಿದರು. ನನ್ನ ಗುಣ ಹಾಡುವುದಕ್ಕೆ ಆ ತಾಯಿಗೆ ಹತ್ತು ವರ್ಷ ಸಾಕಾಗಿರಲಿಲ್ಲ.

ಕುಣಿಯಲಾರದವಳಿಗೆ ನೆಲ ಡೊಂಕು ಎಂಬಂತೆ, ಅಲ್ಲಿ ಏನೋ ಮೋಸವಿದೆ ಎಂದುಕೊಂಡೆ. ಬಂದ ರೋಗಿಗಳನ್ನೆಲ್ಲ ಕೆದಕಿದೆ. ಗುಟ್ಟು ತಿಳಿದಾಗ ನಗು ಬಂತು, ಆಮೇಲೆ ಸಿಟ್ಟು ಬಂತು.

ಸಿಸ್ಟರ್ ಯಾರಿಗೂ ಪಥ್ಯ ಹೇಳುತ್ತಲೇ ಇರಲಿಲ್ಲ. ಬೆಳಿಗ್ಗೆ ಯಾವುದಾದರೊಂದು ಮನೆಗೆ ಫೋನ್ ಮಾಡುತ್ತಿದ್ದರು. "ಇವತ್ತು ಊಟಕ್ಕೆ ನಿಮ್ಮನೆಗೇ ಬರ್ತೀನಿ ಮಾರಾಯ್ತಿ. ನಂಗೂ ಶುಗರ್ ಇದೆ, ಅನ್ನ ಬೇಡ. ಒಂದು ಸಣ್ಣ ಮುದ್ದೆ, ಹುರುಳಿಕಟ್ಟು, ಒಂದಿಷ್ಟು ಸೊಪ್ಪು ಸಾಕು." ಮನೆಗೆ ಬರುವವರಿಗೆ ಬೇಕಾದ್ದನ್ನು ಬಿಟ್ಟು ಬೇರೆ ಅಡುಗೆ ಮಾಡುವವರು ನಮ್ಮ ಕಡೆ ಯಾರಿದ್ದಾರೆ? ನೆಂಟರನ್ನು ಒಬ್ಬರೇ ಉಣ್ಣಲು ಬಿಡುವವರಾದರೂ ಯಾರು? ಮನೆಯ ಯಜಮಾನರೂ ಜೊತೆಗೆ ಕೂತು ಅದನ್ನೇ ಉಣ್ಣುತ್ತಿದ್ದರು. ಊಟ ಮುಗಿದ ಮೇಲೆ ಸಿಸ್ಟರ್, ನನ್ನನ್ನು ಬಸ್ ಸ್ಟಾಪಿನವರೆಗೆ ಬಿಟ್ಟು ಬನ್ನಿ ಎನ್ನುತ್ತಿದ್ದರಂತೆ. ಬೀದಿ ಕೊನೆಯಲ್ಲೇ ಸ್ಟಾಪಿತ್ತು. ಅಲ್ಲಿ ಬಸ್ಸು ಸರಿಯಾಗಿ ನಿಲ್ಲಿಸುವುದಿಲ್ಲ ಎಂದು ನೆವ ಹೇಳಿ ಅದರಾಚೆಯ ಸ್ಟಾಪಿಗೆ ನಡೆಸುತ್ತಿದ್ದರು. ಗಂಡ ಹೆಂಡತಿ ಅಲ್ಲಿಯವರೆಗೂ ಹೋಗಿ, ಬಸ್ಸು ಹತ್ತಿಸಿ, ಮತ್ತೆ ಅಷ್ಟೇ ದೂರ ನಡೆದು ಮನೆಗೆ ಬರಬೇಕು. ವಾರಕ್ಕೊಂದು ದಿನ ಮಾಡಿದ ಅಡುಗೆ ಕ್ರಮೇಣ ದಿನದ ಅಡುಗೆಯಾಯಿತು. ಊಟದ ಮೇಲೆ ಚಪ್ಪಲಿ ಹುಡುಕುವುದು ಅಭ್ಯಾಸವಾಯಿತು.

ಎಂಥ ಜಾಣತನ... ನನಗೆ ಯಾಕೆ ಹೊಳೆಯಲಿಲ್ಲ? ಈ ಪ್ರಶ್ನೆ ನನ್ನನ್ನು ಸುಟ್ಟಿತು. ಮೆಚ್ಚಿ ಸುಮ್ಮನಿದ್ದಿದ್ದರೆ ಈ ಲೇಖನ ಬರೆಯುವ ಪ್ರಮೇಯವೇ ಇರುತ್ತಿರಲಿಲ್ಲ.

ಸಿಬ್ಬಂದಿಯ ವಾರ್ಷಿಕ ತಪಾಸಣೆ ಮಾಡುತ್ತಿದ್ದವನು ನಾನೇ. ಸಿಸ್ಟರ್ ರಿಪೋರ್ಟು ನನ್ನ ಮೇಜಿಗೇ ಬಂತು. ಅವರಿಗೆ ಸಕ್ಕರೆಯ ಸುಳಿವೂ ಇರಲಿಲ್ಲ. ನನಗಾದ ಸಂತೋಷವನ್ನು ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ. ನಂಬಿ ಕೈಗೆ ಕೊಟ್ಟ ರಿಪೋರ್ಟನ್ನೇ ಹಿಡಿದುಕೊಂಡು ಆಡಳಿತದವರ ಕೋಣೆಗೆ ಹೋದೆ. ಈಕೆ ರೋಗಿಗಳಿಗೆ ಸುಳ್ಳು ಹೇಳುತ್ತಾರೆ, ಅವರ ಮನೆಗಳಲ್ಲಿ ಉಣ್ಣುತ್ತಾರೆ ಎಂದು ದೂರು ಕೊಟ್ಟೆ. ರೋಗಿಗಳಿಂದ ಏನನ್ನೂ ಪಡೆಯಬಾರದೆಂಬ ನಿಯಮ ನಮ್ಮಲ್ಲಿ ಇತ್ತು.

ಸಿಸ್ಟರನ್ನು ಕರೆಸಿದರು. ನಾನೂ ಅಲ್ಲೇ ಕೂತಿದ್ದೆ. ಅವರು ವಾದ ಮಾಡಲಿಲ್ಲ. ಸುಳ್ಳು ಹೇಳಿದ್ದೂ ನಿಜ, ಉಂಡದ್ದೂ ನಿಜ ಎಂದು ಒಪ್ಪಿಕೊಂಡರು. ಹೊರಡುವಾಗ ಮಾತ್ರ ನನ್ನ ಕಡೆ ತಿರುಗಿ, "ನೀವೂ ಒಂದಿನ ಹೋಗಿ ಉಂಡು ಬನ್ನಿ ಸರ್, ಮುದ್ದೆ ಚೆನ್ನಾಗ್ ಮಾಡ್ತಾರೆ" ಎಂದರು. ಆ ಮಾತಿನಲ್ಲಿ ಕೊಂಕಿದೆಯೇ ಎಂದು ಎಷ್ಟೋ ದಿನ ಹುಡುಕಿದೆ. ಸಿಗಲಿಲ್ಲ.

ಅವರನ್ನು ಶಿವಮೊಗ್ಗದ ರೆಕಾರ್ಡ್ ರೂಮಿಗೆ ಹಾಕಿದರು. ಫೈಲುಗಳಿಗೆ ದಾರ ಕಟ್ಟುತ್ತ ಕೆಲವು ತಿಂಗಳು ಇದ್ದರು, ಆಮೇಲೆ ಕೆಲಸ ಬಿಟ್ಟು ಊರಿಗೆ ಹೋದರು. ಭದ್ರಾವತಿಯ ಪಟ್ಟಿ ನನಗೆ ಬಂತು. ನಾನು ಶನಿವಾರ ಶನಿವಾರ ಹೋಗಿ ಪ್ರೊಜೆಕ್ಟರ್ ಹಾಕಿ ತಟ್ಟೆಯ ಚಿತ್ರ ತೋರಿಸಿದೆ, ಅರ್ಧ ತರಕಾರಿ, ಕಾಲು ಕಾಳು ಎಂದೆಲ್ಲ ವಿವರಿಸಿದೆ. ಜನ ಮರ್ಯಾದೆಯಿಂದ ಕೇಳಿದರು, ಕರಪತ್ರ ಮಡಚಿ ಜೇಬಿಗಿಟ್ಟುಕೊಂಡರು. ಹಸಿರು ಚುಕ್ಕೆಗಳು ಒಂದೊಂದಾಗಿ ಕೆಂಪಾದವು. ಮತ್ತೆ ಹಸಿರಾಗುವುದನ್ನು ನೋಡುವ ಮೊದಲೇ ಆಡಳಿತದವರು ಬೋರ್ಡನ್ನು ತೆಗೆಸಿದರು.

ಹೋದ ವರ್ಷ ಕುಂಸಿಯಿಂದ ಬಂದ ರೋಗಿಯೊಬ್ಬರು ಮಾತಿನ ನಡುವೆ ಸಿಸ್ಟರ್ ತೀರಿಕೊಂಡ ಸುದ್ದಿ ಹೇಳಿದರು. ನಾನು ಅವರ ಬಿಪಿ ನೋಡುತ್ತಿದ್ದೆ, ಎರಡು ಸಲ ತಪ್ಪಾಗಿ ನೋಡಿದೆ.

ಈಗ ನನಗೂ ಶುಗರ್ ಇದೆ. ಹುರುಳಿಯ ವಾಸನೆ ಬಂದ ಆ ದಿನ ಮನೆಗೆ ಬಂದವನೇ ಕ್ರೇನ್ ಓಡಿಸುತ್ತಿದ್ದವರ ಮನೆಗೆ ಫೋನ್ ಮಾಡಿ, ಊಟಕ್ಕೆ ಬರುತ್ತೇನೆ, ನನಗೂ ಶುಗರ್ ಇದೆ, ಅನ್ನ ಬೇಡ ಎಂದೆ. ಹೇಳಿ ಮುಗಿಸಿದ ಮೇಲೆ ಅದು ಯಾರ ಮಾತೆಂದು ನೆನಪಾಯಿತು.

ಮುದ್ದೆ ನಿಜವಾಗಿಯೂ ಚೆನ್ನಾಗಿತ್ತು. ಉಣ್ಣುತ್ತ ಉಣ್ಣುತ್ತ ಎಲ್ಲವನ್ನೂ ಹೇಳಿಬಿಟ್ಟೆ. ಸಿಸ್ಟರ್‌ಗೆ ಶುಗರ್ ಇರಲಿಲ್ಲವೆಂದು, ನಿಮಗೆ ಸುಳ್ಳು ಹೇಳುತ್ತಿದ್ದರೆಂದು ದೂರು ಕೊಟ್ಟವನು ನಾನೇ ಎಂದು. ಮನೆಯಾಕೆ ಇನ್ನೊಂದು ಸೌಟು ಹುರುಳಿಕಟ್ಟು ಬಡಿಸಿದರು. ಅವರ ಮನೆಮಾತು ತಮಿಳು, ಕನ್ನಡವನ್ನು ಎಳೆದೆಳೆದು ಆಡುತ್ತಾರೆ.

"ಸಿಸ್ಟರಮ್ಮನಿಗೆ ಶುಗರ್ ಇಲ್ಲ ಅಂತ ನಮ್ಗೆ ಮೊದ್ಲೇ ಗೊತ್ತಿತ್ತು ಸಾರ್. ನಮ್ಮ ಮಗಳ ಮದ್ವೇಲಿ ಮೂರು ಹೋಳಿಗೆ ತಿಂದ್ರು. ನಮ್ಮನೆಯವರ ಸಲುವಾಗಿ ಅಲ್ವಾ ಸುಳ್ಳು ಹೇಳೋದು ಅಂತ ನಾವೂ ಸುಮ್ನೆ ಇದ್ವಿ."

ಪಶ್ಚಾತ್ತಾಪ ಆಮೇಲೆ ಬಂತು, ಮೊದಲು ಬಂದದ್ದು ಅದೇ ಹಳೆಯ ಹೊಟ್ಟೆಕಿಚ್ಚು. ಎಷ್ಟೊಂದು ಜನರಿಗೆ ಮದ್ದು ಕೊಟ್ಟಿದ್ದೇನೆ. ನನ್ನ ಸುಳ್ಳನ್ನು ಗೊತ್ತಿದ್ದೂ ಕಾಪಾಡುವಷ್ಟು ಪ್ರೀತಿ ಅವರಲ್ಲಿ ಒಬ್ಬರಿಗೂ ನನ್ನ ಮೇಲೆ ಇಲ್ಲ.

ಕೈ ತೊಳೆದು ಬರುವಷ್ಟರಲ್ಲಿ ಗಂಡ ಹೆಂಡತಿ ಇಬ್ಬರೂ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದರು. ನನ್ನ ಕಾರು ಗೇಟಿನ ಎದುರಿಗೇ ಇತ್ತು. ಅದನ್ನು ನೋಡಿ ಅವರಿಗೆ ಏನು ಮಾಡಬೇಕೆಂದು ತೋಚಲಿಲ್ಲ. ನಾನು ಕಾರನ್ನು ಅಲ್ಲೇ ಬಿಟ್ಟು ಅವರ ಜೊತೆ ನಡೆದೆ. ಬೀದಿ ಕೊನೆಯ ಸ್ಟಾಪ್ ದಾಟಿ, ಅದರಾಚೆಯ ಸ್ಟಾಪಿನವರೆಗೆ...

ಸ್ವಲ್ಪ ಹೊತ್ತಿಗೆ ಶಿವಮೊಗ್ಗದ ಬಸ್ಸು ಬಂತು. ನಮ್ಮನ್ನು ನೋಡಿ ನಿಂತಿತು. ಕಂಡಕ್ಟರ್ ಬಾಗಿಲು ತೆಗೆದು ಹಿಡಿದುಕೊಂಡು ಕಾದ. ಹತ್ತುವವರು ಯಾರೂ ಇರಲಿಲ್ಲ.