ಮೂರೂಕಾಲಿಗೆ ಹೊರಟ ಹುಡುಗಿಯರು

ಹೋದ ತಿಂಗಳು ನನ್ನ ವಿದ್ಯಾರ್ಥಿನಿಯೊಬ್ಬಳ ಕೈಲಿ ಬೈಸಿಕೊಂಡೆ. ಅದೂ ಸ್ಟಾಫ್ ರೂಮಿನಲ್ಲಿ, ಎಲ್ಲರೆದುರು. ಹದಿನೆಂಟು ವರ್ಷದಿಂದ ಕೆಮಿಸ್ಟ್ರಿ ಪಾಠ ಮಾಡುತ್ತಾ, ಬೈಯುವುದರಲ್ಲೇ ಹೆಸರು ಮಾಡಿದವಳು ನಾನು. (ಹುಡುಗರು ನನಗಿಟ್ಟಿರುವ ಅಡ್ಡಹೆಸರು ಗರಗಸ. ನನಗೆ ಗೊತ್ತಿಲ್ಲ ಅಂದುಕೊಂಡಿದ್ದಾರೆ, ಪಾಪ.)

ಬೈದವಳು ಶೋಭಾ, ಫೈನಲ್ ಬಿ.ಎಸ್ಸಿ. ಮೂಡಿಗೆರೆ ಕಡೆಯ ಎಸ್ಟೇಟೊಂದರಲ್ಲಿ ಅವಳ ಅಪ್ಪ ರೈಟರು. ಆಳುಗಳ ಹಾಜರಿ ಬರೆಯುವುದು ಅವರ ಕೆಲಸ. ಮಗಳು ಜಗಳಕ್ಕೆ ಬಂದದ್ದೂ ಹಾಜರಿಯ ವಿಷಯಕ್ಕೇ.

ಕಥೆಯನ್ನು ಈ ವರ್ಷ ಕಾಲೇಜು ಶುರುವಾದಾಗಿನಿಂದ ಹೇಳಬೇಕು. ನಮ್ಮ ಕಾಲೇಜಿರುವುದು ಚಿಕ್ಕಮಗಳೂರಿನಲ್ಲಿ. ಮೂಡಿಗೆರೆ ದಾರಿಯ ಮಕ್ಕಳು ಹಿಡಿಯುವುದು ಸಂಜೆ ಐದರ ಬಸ್ಸು. ಅದರ ಹಿಂದಿನ ಸೀಟಿನಲ್ಲಿ ನಮ್ಮದೇ ಕಾಲೇಜಿನ ನಾಲ್ಕು ಮಹಾರಾಜರು. ದುಪಟ್ಟಾ ಎಳೆಯುವುದು, ತಿರುವು ಬಂದಾಗಲೆಲ್ಲ ಮೈಮೇಲೆ ಬೀಳುವುದು. (ಬಸ್ಸು ಎಡಕ್ಕೆ ತಿರುಗಲಿ, ಬಲಕ್ಕೆ ತಿರುಗಲಿ, ಇವರು ಬೀಳುವುದು ಮಾತ್ರ ಹುಡುಗಿಯರ ಕಡೆಗೇ!) ನೂಕುನುಗ್ಗಲಿನಲ್ಲಿ ಎಲ್ಲೆಂದರಲ್ಲಿ ಕೈ ಹಾಕುವುದು. ಹುಡುಗಿಯರು ಬಂದು ಅತ್ತರು.

ಕಾಲೇಜಿನ ಮಹಿಳಾ ಸಮಿತಿಗೆ ನಾನೇ ಸಂಚಾಲಕಿ. ಮೀಟಿಂಗ್ ಆಯಿತು. ಉಪ್ಪಿಟ್ಟು, ಕೇಸರಿಬಾತೂ ಆಯಿತು. "ಹುಡುಗಿಯರನ್ನ ಮೂರೂಕಾಲಿಗೇ ಬಿಟ್ಬಿಡೋಣ ಸಾರ್, ಮೂರೂವರೆ ಬಸ್ಸಿಗೆ ಹೋಗ್ಲಿ" ಎಂದೆ. ಪ್ರಿನ್ಸಿಪಾಲರು "ಭೇಷ್" ಎಂದರು. ಮನೆಗೆ ಹೋಗಿ ಗಂಡನ ಮುಂದೆ ಬೇರೆ ಜಂಬ ಕೊಚ್ಚಿಕೊಂಡೆ. ಯಾರನ್ನೂ ಕರೆದು ಕೇಳಬೇಕಾಗಿರಲಿಲ್ಲ, ಯಾರ ಮನಸ್ಸೂ ನೋಯಲಿಲ್ಲ. ಇಂಥ ಪರಿಹಾರ ಯಾರಿಗೆ ಇಷ್ಟವಾಗುವುದಿಲ್ಲ ಹೇಳಿ?

ಆದರೆ ನಮ್ಮ ಪ್ರಾಕ್ಟಿಕಲ್ ನಡೆಯುವುದು ಎರಡೂವರೆಯಿಂದ ನಾಲ್ಕೂವರೆವರೆಗೆ. ಪ್ರತಿಯೊಬ್ಬರಿಗೂ ಒಂದೊಂದು ಲವಣ ಕೊಟ್ಟು, ಇದು ಯಾವುದೆಂದು ಕಂಡುಹಿಡಿಯಿರಿ ಎನ್ನುತ್ತೇವೆ. ಉತ್ತರ ಒಪ್ಪಿಸಿದ ಮೇಲೆಯೇ ಹಾಜರಿ. ಅಷ್ಟು ಹೊತ್ತಿಗೆ ಈ ಹುಡುಗಿಯರು ಬಸ್ಸಿನಲ್ಲಿ ಊರ ಹತ್ತಿರ ಹೋಗಿರುತ್ತಿದ್ದರು. ಹೋಗಿ ಎಂದವಳು ನಾನು. ಸಂಜೆ ರಿಜಿಸ್ಟರ್ ತೆಗೆದು ಅವರ ಹೆಸರಿನ ಮುಂದೆ ಆಬ್ಸೆಂಟ್ ಎಂದು ಬರೆದವಳೂ ನಾನೇ! ಆಫೀಸಿನಲ್ಲಿ ಯಾರೋ ಸರಿಮಾಡುತ್ತಾರೆ ಅಂದುಕೊಂಡಿದ್ದೆ. ಆ ಯಾರೋ ಯಾರು ಎಂದು ಒಮ್ಮೆಯೂ ವಿಚಾರಿಸಲಿಲ್ಲ.

ಹೋದ ತಿಂಗಳು ನೋಟಿಸ್ ಬೋರ್ಡಿನಲ್ಲಿ ಹಾಜರಿ ಸಾಲದವರ ಪಟ್ಟಿ ಬಿತ್ತು. ಪರೀಕ್ಷೆಗೆ ಕೂರುವಂತಿಲ್ಲ. ಹನ್ನೊಂದು ಹೆಸರು, ಹನ್ನೊಂದೂ ಮೂರೂವರೆ ಬಸ್ಸಿನವು. ಹಿಂದಿನ ಸೀಟಿನ ನಾಲ್ವರ ಹಾಜರಿಯೋ? ಒಂದು ದಿನವೂ ತಪ್ಪಿಲ್ಲ ಮಾರಾಯ್ರೆ!

ಶೋಭಾ ಬಂದದ್ದು ಆಗ. "ಅವ್ರು ಮಾಡಿದ್ದಕ್ಕೆ ನಮ್ಮನ್ನ ಯಾಕೆ ಮೇಡಂ ಹೊರಗೆ ಹಾಕಿದ್ರಿ?"

"ಹೊರಗೆ ಹಾಕಿದ್ದಲ್ಲಮ್ಮ, ನಿಮ್ಮ ಒಳ್ಳೇದಕ್ಕೇ..."

"ಒಳ್ಳೇದು ಯಾರಿಗಾಯ್ತು? ಈ ವರ್ಷ ಪರೀಕ್ಷೆ ಬರೀದಿದ್ರೆ ಓದಿದ್ದು ಸಾಕು ಅಂತಾರೆ ಅಪ್ಪ. ಅತ್ತೆ ಆಗ್ಲೇ ಕೊಪ್ಪದ ಕಡೆ ಗಂಡು ನೋಡಿಟ್ಟಿದಾರೆ. ಒಂದು ಮಾತು ಮೊದ್ಲೇ ನಮ್ಮನ್ನ ಕೇಳ್ಬಾರ್ದಿತ್ತಾ ನೀವು?"

ನನಗೆ ನಾಚಿಕೆಯಾಯಿತು. ರಿಜಿಸ್ಟರ್ ತೆಗೆದು, "ತಡಿ, ಎಲ್ಲರಿಗೂ ಪ್ರೆಸೆಂಟ್ ಹಾಕ್ತೀನಿ" ಎಂದೆ. ಅದಕ್ಕೂ ಅವಳು ಒಪ್ಪಲಿಲ್ಲ.

"ಹಾಜರಿ ಹಾಕಿ ಎಂತ ಮಾಡೋದು ಮೇಡಂ? ಪರೀಕ್ಷೇಲಿ ಲವಣ ಕೊಟ್ರೆ ಕಂಡುಹಿಡಿಯೋಕೆ ನಂಗೆಲ್ಲಿ ಬರುತ್ತೆ? ಪ್ರಾಕ್ಟಿಕಲ್ ಮಾಡ್ಸಿ. ನಾಲ್ಕೂವರೆವರೆಗೂ ಇರ್ತೀವಿ. ಐದರ ಬಸ್ಸಿಗೇ ಹೋಗ್ತೀವಿ. ಅವ್ರನ್ನ ನೀವು ನೋಡ್ಕಳಿ."

ನಾಲ್ಕು ಹೆಸರನ್ನೂ ಹೇಳಿದಳು. ನಿನ್ನ ಹೆಸರು ಎಲ್ಲೂ ಬರದ ಹಾಗೆ ನೋಡಿಕೊಳ್ಳುತ್ತೇನೆ ಎಂದರೆ, "ಬಂದ್ರೆ ಬರ್ಲಿ ಬಿಡಿ" ಎಂದಳು.

ಪ್ರಿನ್ಸಿಪಾಲರು ಮೊದಲು "ಹುಡುಗ್ರು ಮೇಡಂ, ವಯಸ್ಸು" ಎಂದು ರಾಗ ಎಳೆದರು. ಅದೇ ವಯಸ್ಸಿನ ಇನ್ನೂರು ಹುಡುಗರು ನಮ್ಮ ಕಾಲೇಜಿನಲ್ಲಿದ್ದಾರೆ, ಸುಮ್ಮನೆ ಬಸ್ಸು ಹತ್ತಿ ಸುಮ್ಮನೆ ಇಳಿಯುತ್ತಾರೆ ಎಂದೆ. ಗರಗಸ ಅವತ್ತು ಚೆನ್ನಾಗಿಯೇ ಆಡಿತು ಅನ್ನಿ. ಕೊನೆಗೆ ಒಪ್ಪಿದರು. ಬಾಕಿ ಪ್ರಾಕ್ಟಿಕಲ್ ಎಲ್ಲ ಮುಗಿಸಿದರೆ ಹನ್ನೊಂದು ಮಂದಿಗೂ ಪರೀಕ್ಷೆ. ಆ ನಾಲ್ವರು ಪರೀಕ್ಷೆ ಮುಗಿಯುವವರೆಗೆ ದಿನಾ ಐದೂವರೆ ತನಕ ಲೈಬ್ರರಿಯಲ್ಲಿ ಕೂತು, ಆರರ ಬಸ್ಸಿಗೆ ಹೋಗಬೇಕು.

ಹುಡುಗಿಯರು ಲ್ಯಾಬಿಗೆ ಬಂದರು. ಭಾನುವಾರವೂ ಬಂದರು. ನಾನೂ ಮೊದಲ ವಾರ ಐದರ ಬಸ್ಸು ಹತ್ತಿ ಅವರ ಜೊತೆ ಮೂಡಿಗೆರೆವರೆಗೆ ಹೋಗಿಬಂದೆ. ಕಂಡಕ್ಟರ್, "ಇದನ್ನ ನಂಗೆ ಮೊದ್ಲೇ ಹೇಳಿದ್ರೆ ಬಸ್ಸನ್ನ ಸೀದಾ ಪೊಲೀಸ್ ಸ್ಟೇಷನ್ನಿಗೇ ತಿರುಗಿಸ್ತಿದ್ದೆ ಮೇಡಂ" ಎಂದ. ದಿನಾ ಅದೇ ಬಸ್ಸಿನಲ್ಲಿ ಟಿಕೆಟ್ ಹರಿಯುವವನಿಗೆ ಹೇಳಬೇಕಿತ್ತೇ ಅಂತ ಕೇಳಿದೆ.

ಹನ್ನೊಂದು ಹುಡುಗಿಯರು ಇಡೀ ವರ್ಷ ಕ್ಲಾಸು ಕಳೆದುಕೊಂಡಾಗ ಯಾರೊಬ್ಬರೂ ಕಾಲೇಜಿನ ಮೆಟ್ಟಿಲು ಹತ್ತಿರಲಿಲ್ಲ. ಈಗ ನೋಡಿ, ನಾಲ್ಕನೇ ದಿನಕ್ಕೇ ಜೀಪು ಬಂತು! ಆ ನಾಲ್ವರಲ್ಲಿ ಒಬ್ಬನ ಅಪ್ಪ. ದೊಡ್ಡ ಪ್ಲಾಂಟರು, ಸೊಂಟದಲ್ಲಿ ಹೊಸ ಮೊಬೈಲು. ಪ್ರಿನ್ಸಿಪಾಲರು ಎದ್ದು ನಿಂತು ಕುರ್ಚಿ ಕೊಟ್ಟರು, ಕಾಫಿಗೆ ಹೇಳಿ ಕಳಿಸಿದರು.

"ಅಲ್ಲ ಮೇಡಂ, ಆರರ ಬಸ್ಸಿಗೆ ಬಂದ್ರೆ ನಮ್ಮಲ್ಲಿ ಇಳಿಯೋ ಹೊತ್ತಿಗೆ ಕತ್ತಲು. ರೋಡಿಂದ ತೋಟಕ್ಕೆ ಒಬ್ನೇ ನಡ್ಕೊಂಡು ಬರ್ಬೇಕು. ಅವ್ನ ತಾಯಿ ಬಾಗಿಲಲ್ಲೇ ನಿಂತಿರ್ತಾಳೆ, ಊಟ ಇಲ್ಲ, ನಿದ್ದೆ ಇಲ್ಲ. ದಾರೀಲಿ ಮಗನಿಗೆ ಏನಾದ್ರೂ ಆದ್ರೆ ಯಾರು ಜವಾಬ್ದಾರಿ?"

"ಒಳ್ಳೆ ಪ್ರಶ್ನೆ ಸಾರ್" ಎಂದೆ. "ಪಕ್ಕದ ಲ್ಯಾಬಲ್ಲಿ ಹನ್ನೊಂದು ಹುಡುಗೀರಿದ್ದಾರೆ. ಅವ್ರ ಮುಂದೆ ಇನ್ನೊಂದ್ಸಲ ಕೇಳ್ತೀರಾ?"