ತೊಳೆಯದೆ ಬಿಟ್ಟ ಚಕ್ರ

ಮಾದಣ್ಣ, ಆ ದಿನ ದಾರಿಯಲ್ಲಿ ಕಲ್ಲೇ ಇರಲಿಲ್ಲ. ನಿನ್ನ ಕಣ್ಣು ತಪ್ಪಲಿಲ್ಲ — ತಪ್ಪಿದ್ದು ನಾನು. ಈ ಒಂದು ಮಾತನ್ನು ಆರು ವರ್ಷ ನುಂಗಿಕೊಂಡು, ದಿನಾ ನಿನ್ನ ಜಗಲಿಯಲ್ಲಿ ಕೂತು ಟೀ ಕುಡಿದಿದ್ದೇನೆ.

ಜೀಪು ನನ್ನ ಹೆಸರಿನಲ್ಲಿತ್ತು, ಓಡಿಸುವ ವಿದ್ಯೆ ನಿನ್ನದು. ತಿಗನಾರೆಯಿಂದ ಕಾಡಂಚಿನ ದೊಡ್ಡಿ ಊರುಗಳಿಗೆ ಜನರನ್ನೂ ರಾಗಿ ಮೂಟೆಗಳನ್ನೂ ಸಾಗಿಸುತ್ತಿದ್ದವನು ನೀನು. ನನಗೆ ಸ್ಟೇರಿಂಗ್ ಹಿಡಿಯಲು ಕಲಿಸಿದವನೂ ನೀನೇ. ಕಬ್ಬಿಣದ ಚಕ್ರ ಬಂಡೆಗೆ ಬಡಿದು ಬಗ್ಗಿದರೆ ನೀನು ಮರದ ನೆರಳಲ್ಲಿ ಅದನ್ನು ಬಿಚ್ಚಿ, ಕೊಡಲಿಯ ಹಿಂಬದಿಯಿಂದ ತಟ್ಟಿ ನೆಟ್ಟಗೆ ಮಾಡಿ, ಬೀಡಿ ಹಚ್ಚಿ ಹೊರಡುತ್ತಿದ್ದೆ. ನನಗೋ ಅದು ನಾಚಿಕೆ. ಸತ್ಯಮಂಗಲಕ್ಕೆ ಹೋಗಿ ಹೊಳೆಯುವ, ಹಗುರವಾದ ಅಲಾಯ್ ಚಕ್ರ ಹಾಕಿಸಿದೆ, ಹಳೆಯವನ್ನು ಗುಜರಿಗೆ ಹಾಕಿ ಬಂದೆ.

ಹಗುರ ಚಕ್ರದಿಂದ ಲಾಭವಿಲ್ಲ ಎಂದು ಈಗಲೂ ಹೇಳಲಾರೆ. ಆ ಸಂಜೆ ಘಾಟಿ ಹತ್ತಿ ದಿಂಬಂ ತಲುಪುವಾಗ ಮಂಜು ರಸ್ತೆಯ ಮೇಲೆ ಮಲಗಿತ್ತು. ಜೀಪಿಗೆ ತೂಕವೇ ಇಲ್ಲ... ಸ್ಟೇರಿಂಗ್ ಎರಡು ಬೆರಳಿಗೇ ತಿರುಗುತ್ತದೆ, ಗುಂಡಿಗೆ ಇಳಿದದ್ದು ಗೊತ್ತಾಗುವ ಮೊದಲೇ ಮೇಲೆ ಬಂದಿರುತ್ತದೆ — ಹಗ್ಗ ಬಿಚ್ಚಿದ ಕರುವಿನ ಹಾಗೆ. ಟೀ ಅಂಗಡಿಯ ದೀಪ ನೀರಿನೊಳಗೆ ಉರಿಯುತ್ತಿರುವಂತೆ ಕಂಡಿತು. ಈಗಲೂ ಕನಸಿನಲ್ಲಿ ಆ ದಾರಿ ಬರುತ್ತದೆ. ಕನಸಿನಲ್ಲಿ ಆ ಚಕ್ರ ಒಡೆಯುವುದೇ ಇಲ್ಲ.

ಊರಿಗೆ ಬಂದ ಮೇಲೆ ನೀನು ಹೊಸ ಚಕ್ರವನ್ನು ಬೆರಳಿನಿಂದ ತಟ್ಟಿ ನೋಡಿದೆ. “ಅಗುರಾಗೇ ಅದ ಕಣ್ಲಾ. ಆದ್ರ ಕಬ್ಬುಣ ಬಗ್ಗುದ್ರ ತಟ್ಬೋದು. ಇದು ಬಗ್ಗಲ್ಲ, ಸೀಳೋಯ್ತದ.”

ನಿನಗೆ ಗಾಡಿಗಿಂತ ಕೊಡಲಿಯ ಮೇಲೇ ನಂಬಿಕೆ ಎಂದು ಹಾಸ್ಯ ಮಾಡಿ ನಕ್ಕುಬಿಟ್ಟೆ.

ದೀಪಾವಳಿ ಕಳೆದು ಗುಮಟಾಪುರದಲ್ಲಿ ಸಗಣಿ ಹಬ್ಬ. ಬೀರೇಶ್ವರನ ಗುಡಿಯ ಹತ್ತಿರ ಒಬ್ಬರಿಗೊಬ್ಬರು ಸಗಣಿ ಎಸೆದಾಡಿದೆವು. ಪಕ್ಕದಲ್ಲಿ ನಿಂತಿದ್ದ ಜೀಪಿಗೂ ಬಿತ್ತು. ಅದೇ ಖುಷಿಯಲ್ಲಿ ಜೋರಾಗಿ ಓಡಿಸಿಕೊಂಡು ಬರುವಾಗ ಹಳ್ಳದ ಬಂಡೆಗೆ ಮುಂದಿನ ಎಡ ಚಕ್ರ ಬಡಿಯಿತು. ಮನೆಗೆ ಬಂದು ಮೂರು ಚಕ್ರ ತೊಳೆದೆ. ನಾಲ್ಕನೆಯದರ ಒಂದು ಕಡ್ಡಿಯ ಬುಡದಲ್ಲಿ ಕೂದಲೆಳೆಯಷ್ಟು ಬಿರುಕು. ನೀನು ಹೇಳಿದ್ದೇ ನಿಜವಾಯಿತಲ್ಲ ಎಂದು — ಅಷ್ಟೇ, ಅಷ್ಟಕ್ಕೇ — ಬಕೆಟ್ ಪಕ್ಕಕ್ಕಿಟ್ಟು, ಅಲ್ಲಿದ್ದ ಸಗಣಿಯನ್ನೇ ಅದರ ಮೇಲೆ ಸವರಿದೆ.

ಮರುದಿನ ಬೆಳಗ್ಗೆ ನೀನು ಕೇಳಿದೆ: “ಯಾಕ್ಲಾ, ಒಂದ್ ಚಕ್ರ ತೊಳೀದೆ ಬುಟ್ಟಿದ್ದಯ್?”

“ಬೀರಪ್ಪನ ಪ್ರಸಾದ ಕಣಣ್ಣ, ಒಂದ್ರಲ್ಲಾದ್ರೂ ಇರ್ಲಿ ಬುಡು.”

ನೀನು ಬಗ್ಗಿ ಆ ಚಕ್ರ ಮುಟ್ಟಿ, ಬೆರಳನ್ನು ಕಣ್ಣಿಗೊತ್ತಿಕೊಂಡೆ. ಆಗಲಾದರೂ ಹೇಳಬಹುದಿತ್ತು... ನಾನು ಕೀ ಕೊಟ್ಟೆ.

ಅದೇ ಬೆಳಗ್ಗೆ, ಮಂಜು ಇನ್ನೂ ಕರಗದಿದ್ದಾಗ, ಹಳ್ಳದ ಇಳಿಜಾರಿನಲ್ಲಿ ಚಕ್ರ ಸೀಳಿ ಜೀಪು ಚರಂಡಿಗೆ ವಾಲಿತು. ಪಕ್ಕದಲ್ಲಿ ಕೂತಿದ್ದ ನಿನ್ನ ಹೆಂಡತಿ ಕೆಂಪಕ್ಕನ ಕೈ ಮುರಿಯಿತು. ಸುದ್ದಿ ಕೇಳಿ ನಾನು ಓಡಿ ಬಂದಾಗ ನೀನು ಆ ಮಂಜಿನಲ್ಲಿ ಹಿಂದಕ್ಕೂ ಮುಂದಕ್ಕೂ ನಡೆಯುತ್ತ, ಚಕ್ರಕ್ಕೆ ಬಡಿದ ಕಲ್ಲನ್ನು ಹುಡುಕುತ್ತಿದ್ದೆ.

“ಕಲ್ಲು ಕಾಣ್ನಿಲ್ವಲ್ಲಾ ನಂಗ?”

“ಮಂಜಿತ್ತು ಬುಡಣ್ಣ. ಕಣ್ಗೂ ವಯಸ್ಸಾಯ್ತದ.”

ಇದನ್ನು ನನ್ನ ಬಾಯೇ ಹೇಳಿತು. ಒಡೆದ ಚಕ್ರವನ್ನು ಯಾರೂ ನೋಡುವ ಮೊದಲೇ ಹೊತ್ತೊಯ್ದದ್ದೂ ನಾನೇ. ಅಂದಿನಿಂದ ನೀನು ಸ್ಟೇರಿಂಗ್ ಮುಟ್ಟಲಿಲ್ಲ. ಕಣ್ಣು ತೋರಿಸಿಕೊಂಡು ಬರೋಣ ಎಂದು ಕೆಂಪಕ್ಕ ಎಷ್ಟು ಕರೆದರೂ ಆಸ್ಪತ್ರೆಗೆ ಹೋಗಲಿಲ್ಲ — ಕುರುಡಾಗುತ್ತೀಯ ಅಂದುಬಿಟ್ಟರೆ ಎಂಬ ಭಯ ನಿನಗೆ. ನಾನೂ ಒತ್ತಾಯಿಸಲಿಲ್ಲ. ಕಣ್ಣು ಚೆನ್ನಾಗಿದೆ ಅಂದುಬಿಟ್ಟರೆ ಎಂಬ ಭಯ ನನಗೆ.

ಮೊನ್ನೆ ಸಂಜೆ ಜಗಲಿಯಲ್ಲಿ ಕೂತಿದ್ದಾಗ ನೀನು ಕಾಡಿನ ಕಡೆ ನೋಡಿ “ಆನೆ ನಿಂತದ” ಅಂದೆ. ನನಗೆ ಬರೀ ಮರಗಳು ಕಂಡವು. ನಾನು ಬಾಯಿ ಬಿಡುವ ಮೊದಲೇ ನೀನು, “ನೆಳ್ಳಿರ್ಬೇಕು ಬುಡು. ನನ್ ಕಣ್ಣ ಏನ್ ನಂಬದು” ಎಂದು ತಲೆ ತಗ್ಗಿಸಿದೆ. ಕತ್ತಲಾಗುವ ಮೊದಲೇ ಆನೆ ನಿನ್ನ ರಾಗಿ ಹೊಲಕ್ಕೆ ಇಳಿಯಿತು. ತಮಟೆ ಹೊಡೆದು ಓಡಿಸಲು ಸಮಯವಿತ್ತು, ಯಾರೂ ಹೊಡೆಯಲಿಲ್ಲ. ಕೆಂಪಕ್ಕ ಮೂಳೆ ನೆಟ್ಟಗೆ ಕೂಡದ ಆ ಕೈಯಿಂದಲೇ ತುಳಿದುಹೋದ ತೆನೆಗಳನ್ನು ಆಯ್ದಳು.

ಚಕ್ರ ನಮ್ಮ ಕೊಟ್ಟಿಗೆಯ ಹುಲ್ಲಿನಡಿ ಇದೆ. ಒಡೆದ ಜಾಗದಲ್ಲಿ ಒಂದಿಷ್ಟು ಕಪ್ಪು — ಬಿರುಕಿಗೆ ಇಳಿದ ಹಬ್ಬದ ಸಗಣಿ ಒಣಗಿ ಕೂತಿದೆ. ಉಳಿದದ್ದು, ಮರುದಿನ ಇಳಿಜಾರಿನಲ್ಲಿ ಸೀಳಿದ್ದು, ಇನ್ನೂ ಬೆಳ್ಳಗಿದೆ. ಕಪ್ಪು ನನ್ನ ದಿನದ್ದು, ಬಿಳುಪು ನಿನ್ನ ದಿನದ್ದು. ನಾಳೆ ಬೆಳಗ್ಗೆ ಅದನ್ನು ಹೊತ್ತು ತಂದು, ಕೆಂಪಕ್ಕನ ಎದುರಿಗೇ ನಿನ್ನ ಜಗಲಿಯ ಮೇಲೆ ಇಡುತ್ತೇನೆ. ಕ್ಷಮಿಸು ಎಂದು ಕೇಳುವುದಿಲ್ಲ. ಬಿಸಿಲಿಗೆ ತಿರುಗಿಸಿ ಹಿಡಿಯುತ್ತೇನೆ, ಅಷ್ಟೇ. ಕಪ್ಪು ಎಲ್ಲಿಗೆ ಮುಗಿಯುತ್ತದೆ ಎಂದು ನಾನು ಬೆರಳಿಟ್ಟು ತೋರಿಸುವುದಿಲ್ಲ, ಮಾದಣ್ಣ. ನೀನೇ ನೋಡಿ ಹೇಳು.