ಅಪ್ಪನ ಹಿಮ್ಮಡಿಯ ತಗ್ಗು

ಇಳಕಲ್ಲಿನಲ್ಲಿ ನಾವು ಬಾಡಿಗೆಗಿದ್ದ ಮನೆಗೆ ಒಂದು ಪಡಸಾಲೆ, ಒಂದು ಅಡುಗೆಮನೆ, ಹಿತ್ತಲಿಗೊಂದು ಬಚ್ಚಲು. ಪಡಸಾಲೆಯನ್ನು ಅಪ್ಪನ ಮಗ್ಗ ನುಂಗಿತ್ತು. ಉಳಿದ ಜಾಗದಲ್ಲಿ ಅಪ್ಪ, ಅವ್ವ, ಅಣ್ಣ, ನಾನು, ಮೇಲೆ ಬಂದು ಹೋಗುವ ನೆಂಟರು. ಬಡವರ ಮನೆ ಅನ್ನಿಸಿಕೊಳ್ಳಲು ನಮಗೆ ಯಾವ ಕೊರತೆಯೂ ಇರಲಿಲ್ಲ. ಬಚ್ಚಲು ಮಾತ್ರ ಬಾದಶಹನದು.

ನಮಗಿಂತ ಮೊದಲು ಆ ಮನೆಯಲ್ಲಿ ನೂಲಿಗೆ ಬಣ್ಣ ಹಾಕುವವರು ಇದ್ದರಂತೆ. ನೂಲು ನೆನೆಹಾಕಲು ಹಿತ್ತಲಲ್ಲೊಂದು ಉದ್ದನೆಯ ತೊಟ್ಟಿ ಕಟ್ಟಿಸಿದ್ದರು. ಮೊಣಕಾಲೆತ್ತರದ ಗೋಡೆ, ದೊಡ್ಡ ಆಳೊಬ್ಬ ಕಾಲು ಚಾಚಿ ಕೂಡುವಷ್ಟು ಉದ್ದ, ಒಳಗೆಲ್ಲ ಸುಣ್ಣ, ಉಸುಕು, ಬೆಲ್ಲದ ನೀರು ಕೂಡಿಸಿ ಅರೆದು ಬಳಿದ ಗಚ್ಚು. ಅವರು ಬಿಟ್ಟುಹೋದ ಮೇಲೆ ಮಾಲಕರು ಅದರ ಮೇಲೆ ತಗಡು ಹೊದಿಸಿ, ಬುಡಕ್ಕೊಂದು ತೂತು ಕೊರೆಸಿ, ಬಚ್ಚಲು ಅಂತ ಹೆಸರಿಟ್ಟು ಬಾಡಿಗೆ ಏರಿಸಿದರು. ಎಷ್ಟು ವರ್ಷ ತಿಕ್ಕಿದರೂ ಅದರ ಮೂಲೆಗಳ ನೀಲಿ ಹೋಗಿರಲಿಲ್ಲ.

ಅಪ್ಪ ಹಗಲೆಲ್ಲ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಹಲಗೆ ತುಳಿಯುವವನು. ಕುಣಿಯ ತಂಪಿಗೂ ಮಣ್ಣಿಗೂ ಅವನ ಹಿಮ್ಮಡಿಗಳು ಬೇಸಿಗೆಯ ಎರೆಹೊಲದ ಹಾಗೆ ಬಿರಿದಿದ್ದವು. ಸಂಜೆ ಲಾಳಿ ಕೆಳಗಿಟ್ಟದ್ದೇ ತಡ, ಸೀದಾ ಬಚ್ಚಲಿಗೆ. ತೂತಿಗೆ ಹರಕು ಚಿಂದಿ ಗಿಡಿದು, ಹಿಂದಿನ ಗೋಡೆಗೆ ಬೆನ್ನು ಕೊಟ್ಟು, ಉದ್ದಾನುದ್ದ ಕಾಲು ಚಾಚಿ ಕೂಡುತ್ತಿದ್ದ. ಅವ್ವ ಹಂಡೆಯಿಂದ ಬಿಸಿನೀರು ತೋಡಿ ಬೆನ್ನಿಗೆ ಹಾಕುತ್ತಿದ್ದಳು. ಮೈಮೇಲಿಂದ ಇಳಿದ ನೀರು ತೊಟ್ಟಿಯಲ್ಲಿ ಗೇಣುದ್ದ ನಿಲ್ಲುತ್ತಿತ್ತು. ಅದರಲ್ಲಿ ಅಪ್ಪ ಹಿಮ್ಮಡಿಗಳನ್ನು ನೆಲಕ್ಕೆ ಒತ್ತಿ, ಹಿಂದೆ ಮುಂದೆ, ಹಿಂದೆ ಮುಂದೆ ತಿಕ್ಕುತ್ತಿದ್ದ. ದಿನಾ ತಿಕ್ಕೀ ತಿಕ್ಕೀ ಆ ಗಚ್ಚಿನಲ್ಲಿ ಎರಡು ತಗ್ಗು ಬಿದ್ದಿದ್ದವು, ಉಪ್ಪಿನಕಾಯಿ ಬಟ್ಟಲಿನಷ್ಟು.

ಓಣಿಯ ಹೆಂಗಸರು ಬಿಡುತ್ತಿದ್ದರೇ? "ಏನವಾ, ನಿಮ್ಮ ಬಾದಶಹಾ ಇನ್ನೂ ತೊಟ್ಟ್ಯಾಗ ಕುಂತಾನೇನು?" ಅಂತ ಗೋಡೆಯಾಚೆಯಿಂದ ಕೂಗುತ್ತಿದ್ದರು.

"ಕುಂತಾನ. ದಿನಾ ಎಲ್ಲಾ ಕುಣ್ಯಾಗ ಕುಂತಾಂವ ಒಂದೀಟು ನೀರಾಗ ಕುಂದ್ರಬಾರದೇನು?" ಅಂತ ಅವ್ವ ಅಲ್ಲಿಂದಲೇ ಕೂಗುತ್ತಿದ್ದಳು.

ಒಳಗೆ ಅವರಿಬ್ಬರೂ ಮಾತಾಡುತ್ತಿದ್ದರು. ಅದು ಆ ಮನೆಯ ದೊಡ್ಡ ವಿಷಯ. ಹಗಲೆಲ್ಲ ಮಗ್ಗದ ಸದ್ದು, ರಾತ್ರಿ ಒಂದೇ ಕೋಣೆಯಲ್ಲಿ ನಾವು. ಗಂಡ ಹೆಂಡತಿ ಅನ್ನುವವರು ನಾಲ್ಕು ಮಾತಾಡಬೇಕೆಂದರೆ ಆ ಬಚ್ಚಲೊಂದೇ ಗತಿ. ತಗಡಿನ ಬಾಗಿಲಾಚೆ ಅಪ್ಪನ ಮೆಲುದನಿ, ನಡುನಡುವೆ ಅವ್ವನ ನಗು. ಬೇರೆಲ್ಲೂ ಆಕೆ ಹಾಗೆ ನಕ್ಕದ್ದನ್ನು ನಾನು ಕೇಳಿಲ್ಲ. ಏನು ಮಾತಾಡುತ್ತಾರೆ ಅಂತ ತಿಳಿಯಲು ನನಗೆ ಜೀವ ತುಡಿಯುತ್ತಿತ್ತು. ಬಾಗಿಲ ಸನಿಹ ಹೋದರೆ ಸಾಕು, "ಏ ಒಂಟಿ, ಕಾಲಿನ ಸಪ್ಪಳ ಕೇಳ್ತು, ಹೋಗತ್ಲಾಗ" ಅಂತ ಅಪ್ಪ ಗದರಿಸುತ್ತಿದ್ದ. ನಾನು ಓಣಿಯ ಹುಡುಗಿಯರಲ್ಲೆಲ್ಲ ಎತ್ತರ, ಅದಕ್ಕೆ ಒಂಟೆ. ಅಣ್ಣ ಅವ್ವನ ಹಾಗೆ ಗಿಡ್ಡ.

ಎಪ್ಪತ್ತರ ದಶಕದ ನಡುವಿನಲ್ಲಿ ಅಪ್ಪ ಎದೆನೋವು ಬಂದು ತೀರಿಕೊಂಡ. ಅಣ್ಣ ಅದೇ ಕುಣಿಗಿಳಿದ. ಲಾಳಿಯ ಸದ್ದು ಮೊದಲಿನಂತೆಯೇ ಇತ್ತು, ಬಚ್ಚಲು ಮಾತ್ರ ಸುಮ್ಮನಾಯಿತು. ಅವ್ವ ಸಂಜೆಯ ಹೊತ್ತು ಹಂಡೆಗೆ ಬೆಂಕಿ ಹಾಕುವುದನ್ನು ಬಿಡಲಿಲ್ಲ. ನೀರು ಕಾದ ಮೇಲೆ ಯಾರಿಗೆ ಅಂತ ಕೇಳುವ ಧೈರ್ಯ ನಮಗಾಗಲಿಲ್ಲ. ಆಕೆ ಆ ನೀರಲ್ಲಿ ಬಟ್ಟೆ ನೆನೆಹಾಕುತ್ತಿದ್ದಳು.

ಮುಂದೆ ಅಣ್ಣನ ಮದುವೆಯಾಯಿತು. ವೈನಿಯ ತವರು ಬಾದಾಮಿ. ಆಕೆ ಚೊಚ್ಚಲ ಬಾಣಂತನಕ್ಕೆ ತವರಿಗೆ ಹೋದ ಮಳೆಗಾಲದಲ್ಲೇ ತೊಟ್ಟಿ ಸೋರತೊಡಗಿತು. ಗೋಡೆ ನೆಲಕ್ಕೆ ಕೂಡುವಲ್ಲಿ ಗಚ್ಚು ಬಿರುಕು ಬಿಟ್ಟು, ನೀರು ನೆಲದೊಳಗೆ ಇಳಿದು, ಮಗ್ಗದ ಕುಣಿಯಲ್ಲಿ ಜಿನುಗಿತು. ನೇಕಾರನಿಗೆ ಅದಕ್ಕಿಂತ ಕೆಟ್ಟದ್ದಿಲ್ಲ. ನೂಲು ತೇವ ಹಿಡಿದರೆ ಸೀರೆ ಕೆಟ್ಟಿತು, ಸೀರೆ ಕೆಟ್ಟರೆ ಒಲೆ ಆರಿತು.

"ಒಡದ ಹಾಕೂಣು ಇದನ್ನ" ಅಂದ ಅಣ್ಣ. "ಸಪಾಟ ಒಂದು ಪರಸಿ ಕಲ್ಲು ಹಾಸಿದ್ರ ಆತು. ಎಲ್ಲಾರ ಮನ್ಯಾಗಿನಂಗ ಮಣಿ ಮ್ಯಾಲೆ ಕುಂತು ಜಳಕಾ ಮಾಡೂಣು."

"ಒಡ್ಯಾಕ ಇದೇನು ನಿಮ್ಮಪ್ಪನ ಮನ್ಯಾ?" ಅಂತ ಅವ್ವ ಎಗರಿಬಿದ್ದಳು. ಅಂದ ಮೇಲೆ ತನ್ನ ಮಾತಿಗೆ ತಾನೇ ಗಪ್ಪಾದಳು. ಅಣ್ಣನೂ ತಲೆ ತಗ್ಗಿಸಿ ಹೊರಗೆ ಹೋದ.

ಮಾಲಕರು ಹುನಗುಂದದಲ್ಲಿರುತ್ತಿದ್ದರು. ಬಾಡಿಗೆಗೆ ಬಂದಾಗ ಅಣ್ಣ ತೊಟ್ಟಿ ತೋರಿಸಿದ. ಅವರು ಬಿರುಕಿನಲ್ಲಿ ಕೊಡೆಯ ತುದಿ ಆಡಿಸಿ ನೋಡಿ, "ಒಡದು ಕಟ್ಟಾಕ ಸಿಮೆಂಟಿನ ಪರ್ಮಿಟ್ ಯಾರ ಕೊಡ್ತಾರಪಾ? ಮ್ಯಾಲೊಂದು ಗಿಲಾವು ಹೊಡಿಸ್ರಿ, ಹೊಸಾದರಂಗ ಆಗತೈತಿ. ನಮ್ಮನ್ಯಾಗ ಒಂದು ಚೀಲ ಉಳದೈತಿ, ಕಳಸ್ತೇನಿ" ಅಂದರು. ಬಾಡಿಗೆ ಮನೆಯ ಮಾಲಕ ತಾನಾಗಿಯೇ ಸಿಮೆಂಟು ಕೊಟ್ಟದ್ದು ಓಣಿಗೆಲ್ಲ ಸುದ್ದಿಯಾಯಿತು. ಅವ್ವನ ಮುಖ ಮಾತ್ರ ಅರಳಲಿಲ್ಲ. ಹೊಸ ಗಿಲಾವು ಅಂದರೆ ತೊಟ್ಟಿಯ ನೆಲವೆಲ್ಲ ಸಮ. ಆ ಎರಡು ತಗ್ಗು ಮುಚ್ಚಿಹೋಗುತ್ತವೆ.

ಸುದ್ದಿ ಕೇಳಿ ವೈನಿಯ ತಂದೆ ಬಾದಾಮಿಯಿಂದ ತಮ್ಮ ಗುರುತಿನ, ಗಾರೆ ಕೆಲಸದ ಗೌಂಡಿಯೊಬ್ಬನನ್ನು ಕಳಿಸಿದರು. ವಯಸ್ಸಾದ ಮನುಷ್ಯ, ಬಾಯಿ ತುಂಬ ಎಲೆಯಡಿಕೆ, ಅದರ ಸಂದಿನಲ್ಲೇ ಮಾತು. ತೊಟ್ಟಿಗಿಳಿದು ಅಂಗೈಯಿಂದ ಗಚ್ಚು ಸವರಿ, "ಯಕ್ಕಾ, ಇದು ಗಾಜಿನಂಗ ನುಣ್ಣಗಾಗೈತಿ. ಎಲ್ಲಾ ಕಡೆ ಉಳೀಲೆ ಕಚ್ಚು ಹಾಕಬೇಕು. ಕಚ್ಚು ಹಾಕ್ಲಿಲ್ಲಂದ್ರ ಹಳೇದು ಹೊಸಾದನ್ನ ಹಿಡಕೊಳ್ಳಂಗಿಲ್ಲ" ಅಂದ. ಹೇಳಿ ಶುರು ಹಚ್ಚಿಕೊಂಡ. ಗೋಡೆಗೆ, ಅಂಚಿಗೆ, ನೆಲಕ್ಕೆ ಟಕ್ ಟಕ್ ಅಂತ ಉಳಿಯ ಏಟು ಬೀಳುತ್ತಿತ್ತು. ಅಣ್ಣ ಮಗ್ಗದ ಮೇಲಿದ್ದ. ನಾನು ಗೌಂಡಿಗೆ ಚಹಾ ಒಯ್ದಾಗ ಅವ್ವ ತೊಟ್ಟಿಯ ದಂಡೆಯ ಮೇಲೆ ಕೂತಿದ್ದಳು. ಉಳಿ ತಗ್ಗುಗಳ ಹತ್ತಿರ ಬಂದಿತ್ತು.

"ಅಲ್ಲಿ ಬ್ಯಾಡ್ರಿ" ಅಂದಳು ಅವ್ವ. "ಎಲ್ಲಾ ಕಡೆ ಹಾಕ್ರಿ. ಈ ಎರಡು ತಗ್ಗಿನಾಗ ಮಾತ್ರ ಉಳಿ ಮುಟ್ಟಿಸಬ್ಯಾಡ್ರಿ."

"ಹಂಗಂದ್ರ ಹೆಂಗ ಯಕ್ಕಾ? ದಪ್ಪ ಬೀಳೂದು ಅಲ್ಲೇ. ಹಂಗs ಹಚ್ಚಿದ್ರ ನಾಳೆ ಹಪ್ಪಳದಂಗ ಎದ್ದ ಬರತೈತಿ."

"ಬಂದ್ರ ಬರ್ಲಿ."

"ನನ್ನ ಹೆಸರು ಕೆಡತೈತಲ್ಲ?"

ಅವ್ವ ಬಗ್ಗಿ ಸೆರಗಿನಿಂದ ಆ ತಗ್ಗುಗಳಲ್ಲಿ ಬಿದ್ದಿದ್ದ ಗಚ್ಚಿನ ಪುಡಿಯನ್ನು ಒರೆಸಿದಳು. ಒಮ್ಮೆ ಒಂದನ್ನು, ಆಮೇಲೆ ಇನ್ನೊಂದನ್ನು. ಗೌಂಡಿ ಆಕೆಯ ಕೈ ನೋಡಿದ, ಖಾಲಿ ಹಣೆ ನೋಡಿದ. ಚಹಾ ಕುಡಿದು ಕಪ್ಪು ನನ್ನ ಕೈಗಿಟ್ಟು, ಉಳಿಯನ್ನು ಚೀಲಕ್ಕೆ ಹಾಕಿ ಗಿಲಾವು ಹಚ್ಚುವ ಕರಣಿ ತೆಗೆದ. ಅಪ್ಪನ ಹಿಮ್ಮಡಿಗೇ ಉಳಿಯೇಟು ಬಿದ್ದಂತೆ ಆಕೆಗೆ ಸಂಕಟವಾಗಿರಬೇಕು ಅಂತ ನಾನು ಅಂದುಕೊಂಡೆ. ನನಗೆ ತಿಳಿದದ್ದು ಅಷ್ಟೇ.

ತೊಟ್ಟಿ ಖರೇನೇ ಹೊಸದಾಯಿತು. ನೀರು ಕುಡಿಸಿ ಒಣಗಿದ ಮೇಲೆ ಬೂದು ಬಣ್ಣದ ಮಿಂಚು. ಮೂಲೆಯ ನೀಲಿಯೂ ಕಾಣೆ. ಕುಣಿ ಒಣಗಿತು, ಅಣ್ಣ ನಿಶ್ಚಿಂತನಾದ. ವೈನಿ ಕೂಸಿನೊಂದಿಗೆ ಬಂದಳು. ನಮ್ಮಲ್ಲಿ ಕೂಸಿಗೆ ಎರೆಯುವುದು ಅಜ್ಜಿಯ ಹಕ್ಕು. ಕಾಲು ಚಾಚಿ ಕೂತು, ಮೊಣಕಾಲ ಮೇಲೆ ಕೂಸನ್ನು ಬೋರಲು ಹಾಕಿಕೊಂಡು, ಎಣ್ಣೆ ತಿಕ್ಕಿ ಬಿಸಿನೀರು ಹಾಕಬೇಕು. ಅದಕ್ಕೆ ಆ ತೊಟ್ಟಿಗಿಂತ ಒಳ್ಳೆಯ ಜಾಗ ಊರಲ್ಲಿರಲಿಲ್ಲ. ಅವ್ವ ಒಂದು ಸಲ ಇಳಿದು ಕೂತಳು. ಕಾಲನ್ನು ಅತ್ತ ಸರಿಸಿದಳು, ಇತ್ತ ಸರಿಸಿದಳು, ಏನೋ ಕಳೆದದ್ದನ್ನು ಹುಡುಕುವಂತೆ. "ಜಾರತೈತಿ" ಅಂದು ಎದ್ದುಬಿಟ್ಟಳು. ಕೂಸಿಗೆ ಹಿತ್ತಲ ಕಲ್ಲಿನ ಮೇಲೆ ಎರೆದಳು.

ಮರುವರ್ಷದ ಚಳಿಯಲ್ಲಿ ಒಂದು ಬೆಳಿಗ್ಗೆ ವೈನಿ ಬಚ್ಚಲಿನಿಂದ ಕೂಗಿಕೊಂಡಳು. ಹೋಗಿ ನೋಡಿದರೆ ಸಿಮೆಂಟಿನ ಎರಡು ಬಿಲ್ಲೆ ಎದ್ದು ಬಂದಿದ್ದವು. ಉಳಿದ ಗಿಲಾವು ಕಲ್ಲಿನಂತೆ ಗಟ್ಟಿ. ಆ ಎರಡು ಕಡೆ ಮಾತ್ರ ಹಳೆಯ ಗಚ್ಚು, ಅಪ್ಪನ ಹಿಮ್ಮಡಿಯ ತಗ್ಗು, ಇದ್ದದ್ದು ಇದ್ದ ಹಾಗೆ.

ಅಣ್ಣ ಕೆಂಡವಾದ. "ಬಾದಾಮಿ ಗೌಂಡಿ ಅಂತ ಗೌಂಡಿ! ನಿಮ್ಮಪ್ಪ ಆರಿಸಿ ಕಳಸಿದ್ದ ನೋಡು" ಅಂತ ವೈನಿಯ ಮೇಲೆ ಹರಿಹಾಯ್ದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಕೆಲವು ದಿನಗಳ ನಂತರ ಬೇರೆ ಕೆಲಸದ ಮೇಲೆ ಇಳಕಲ್ಲಿಗೆ ಬಂದ ಗೌಂಡಿ, ತಮ್ಮೂರ ಹುಡುಗಿಯನ್ನು ಕೊಟ್ಟ ಮನೆ ಅಂತ ವಿಶ್ವಾಸದಿಂದ ಬಾಗಿಲಿಗೆ ಬಂದ. ಅಣ್ಣ ಅವನನ್ನು ಬಚ್ಚಲಿಗೆ ಕರೆದೊಯ್ದು ತೋರಿಸಿ ಬಾಯಿಗೆ ಬಂದದ್ದು ಅಂದ. ಗೌಂಡಿ ತಗ್ಗು ನೋಡಿದ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅವ್ವನನ್ನು ನೋಡಿದ.

"ಕೈತಪ್ಪಾತ್ರಿ ಸಾವಕಾರ" ಅಂದ. "ಅದಕ್ಕೇನು, ಈಗ ಕಚ್ಚು ಹಾಕಿ ಹಚ್ಚಿಕೊಡ್ತೇನಿ."

"ಬ್ಯಾಡ" ಅಂದಳು ಅವ್ವ, ಕಡ್ಡಿ ಮುರಿದಂತೆ. "ಸೋರವಲ್ಲದು, ಏನಿಲ್ಲ. ಇರ್ಲಿ ಬಿಡ್ರಿ."

ಆಮೇಲೆ ಅವ್ವ ಆ ಮುದುಕನನ್ನು ಕೂಡಿಸಿ ಉಣಿಸಿದ ರೀತಿ ನೋಡಬೇಕಿತ್ತು! ಹಬ್ಬಕ್ಕೆಂದು ಮಾಡಿಟ್ಟ ಶೇಂಗಾ ಹೋಳಿಗೆ, ಮೇಲೆ ತುಪ್ಪ, ದಾರಿಗೆ ಗಂಟು ಬೇರೆ. ಕೆಲಸ ಕೆಡಿಸಿದವನಿಗೆ ಈ ಮರ್ಯಾದೆ ಯಾಕೆ ಅಂತ ಅಣ್ಣ ಗೊಣಗುತ್ತಿದ್ದ. ಆಗ ನನಗೆ ಹೊಳೆಯಿತು. ಅವ್ವ ಆವತ್ತು ಉಳಿಯೇಟನ್ನು ತಡೆದದ್ದು ಸಂಕಟಕ್ಕಷ್ಟೇ ಅಲ್ಲ. ಗೌಂಡಿಯ ಮಾತನ್ನು ಆಕೆ ಚೆನ್ನಾಗಿ ಕೇಳಿಸಿಕೊಂಡಿದ್ದಳು. ಕೇಳಿಸಿಕೊಂಡು, ವರ್ಷವಿಡೀ ಕಾದಿದ್ದಳು. ಮರುದಿನದಿಂದ ಕೂಸಿಗೆ ತೊಟ್ಟಿಯಲ್ಲೇ ಎರೆಯತೊಡಗಿದಳು. ಜಾರತೈತಿ ಅನ್ನುವ ಮಾತು ಮತ್ತೆ ಬರಲಿಲ್ಲ.

ನನ್ನನ್ನು ಬಾಗಲಕೋಟೆಗೆ ಕೊಟ್ಟರು. ಅಲ್ಲಿಯೂ ಬಾಡಿಗೆ ಮನೆಯೇ. ಊರು ಮುಂದೆ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗುತ್ತದೆ ಅಂತ ಎಲ್ಲರ ಬಾಯಲ್ಲೂ ಇತ್ತು. ಮುಳುಗುವ ಮನೆಗೆ ಮೊಳೆ ಹೊಡೆಯಲು ಕೂಡ ಮಾಲಕರು ಒಪ್ಪುತ್ತಿರಲಿಲ್ಲ. ಅಲ್ಲಿನ ಇಕ್ಕಟ್ಟಿನ ಬಚ್ಚಲಲ್ಲಿ ಮೊಣಕಾಲು ಮಡಚಿ ಕೂತು ನೀರು ಹಾಕಿಕೊಳ್ಳುವಾಗಲೆಲ್ಲ ನನಗೆ ಇಳಕಲ್ಲಿನ ತೊಟ್ಟಿ ನೆನಪಾಗಿ ಅಳು ಬರುತ್ತಿತ್ತು. ತವರು ಅಂದರೆ ಹೆಣ್ಣುಮಕ್ಕಳಿಗೆ ಏನೇನೋ ನೆನಪಾಗುತ್ತವೆ. ನನಗೆ ತಗಡಿನ ಬಾಗಿಲಾಚೆಯ ಆ ನಗು ಬೇಕಾಗಿತ್ತು.

ಎಂಬತ್ತರ ದಶಕದಲ್ಲಿ ನನ್ನ ಬಾಣಂತನ ಇಳಕಲ್ಲಿನ ಆ ಮನೆಯಲ್ಲೇ ಆಯಿತು. ಅವ್ವ ನನ್ನ ಕೂಸಿಗೆ ಎರೆಯುವಾಗ ನಾನು ದಂಡೆಯ ಮೇಲೆ ಕೂತು ನೋಡುತ್ತಿದ್ದೆ. ಆಕೆ ಹಿಂದಿನ ಗೋಡೆ ಬಿಟ್ಟು ಮುಂದಕ್ಕೆ ಸರಿದು, ಬೆನ್ನಿಗೆ ಆಸರೆಯಿಲ್ಲದೆ ನಡು ಬಗ್ಗಿಸಿಕೊಂಡು ಕೂಡುತ್ತಿದ್ದಳು.

"ಅವ್ವಾ, ಗ್ವಾಡಿಗೆ ಆನಿಕೊಂಡು ಕುಂದ್ರಬಾರದೇನು? ನಡಾ ನೋಯಂಗಿಲ್ಲೇನು?"

"ನನ್ನ ಕಾಲು ಗಿಡ್ಡವ. ಅಲ್ಲಿಂದ ನಿಲುಕೂದಿಲ್ಲ" ಅಂದಳು ಆಕೆ, ಕೂಸಿನ ಬೆನ್ನು ತಿಕ್ಕುತ್ತ. ನೋಡಿದೆ. ಆಕೆಯ ಹಿಮ್ಮಡಿಗಳು ಅಪ್ಪನ ತಗ್ಗುಗಳಲ್ಲಿ ಕೂತಿದ್ದವು.

ಕೆಲವು ವರ್ಷಗಳಲ್ಲಿ ಅಣ್ಣ ಊರಾಚೆ ಜಾಗ ಹಿಡಿದು ಸ್ವಂತ ಮನೆ ಕಟ್ಟಿಸಿದ. ಬಾಡಿಗೆ ಮನೆ ಬಿಡುವ ದಿನ ನಾನು ಬಾಗಲಕೋಟೆಯಿಂದ ಬಂದಿದ್ದೆ. ಮಗ್ಗವನ್ನು ಬಿಚ್ಚಿ ಚಕ್ಕಡಿಗೆ ಹೇರಿದ್ದರು. ಪಡಸಾಲೆಯಲ್ಲಿ ಕುಣಿ ಬಾಯಿ ತೆರೆದುಕೊಂಡು ಕೂತಿತ್ತು. ಅಣ್ಣ, ವೈನಿ ಹೊರಗೆ ಹಗ್ಗ ಬಿಗಿಯುತ್ತಿದ್ದರು. ನಾನು ಬಚ್ಚಲಿಗೆ ಹೋದೆ. ಇನ್ನು ಈ ತೊಟ್ಟಿ ನಮಗಿಲ್ಲ ಅನ್ನಿಸಿ, ಸೀರೆ ಮೇಲೆತ್ತಿ ಒಳಗಿಳಿದು, ಹಿಂದಿನ ಗೋಡೆಗೆ ಬೆನ್ನು ಕೊಟ್ಟು ಕಾಲು ಚಾಚಿದೆ. ನನ್ನ ಹಿಮ್ಮಡಿಗಳು ತಾವಾಗಿಯೇ ಹೋಗಿ ಆ ತಗ್ಗುಗಳಲ್ಲಿ ಬಿದ್ದವು. ನಾನು ಒಂದಿಷ್ಟೂ ಸರಿಯಬೇಕಾಗಲಿಲ್ಲ.

ಬಾಗಿಲಲ್ಲಿ ಅವ್ವ ಬಂದು ನಿಂತಿದ್ದಳು. ಕೈಯಲ್ಲಿ ಹಂಡೆ ತೊಳೆದ ಚೊಂಬು. ನನ್ನ ಕಾಲನ್ನೇ ನೋಡುತ್ತಿದ್ದಳು. ನಾನು ಏಳಲು ಹೋದೆ.

"ಏಳಬ್ಯಾಡ" ಅಂದಳು. "ಕುಂದ್ರು ಒಂದೀಟು."

ಕೂತೆ. ಚಿಕ್ಕಂದಿನಿಂದ ಕೇಳಬೇಕೆಂದದ್ದನ್ನು ಆಗ ಕೇಳಿದೆ. "ಅವ್ವಾ, ನೀನೂ ಅಪ್ಪಾನೂ ಇಲ್ಲಿ ಕುಂತು ದಿನಾ ಅದೇನು ಮಾತಾಡ್ತಿದ್ರಿ?"

"ಏನಿತ್ತು, ಮನಿ ಕಟ್ಟೂ ಮಾತು" ಅಂದಳು ಅವ್ವ. "ನಮ್ಮದs ಒಂದು ಮನಿ ಆದ್ರ ಬಾಗಲಾ ಎಲ್ಲಿ, ಒಲಿ ಎಲ್ಲಿ. ಬಚ್ಚಲಾ ಇದಕ್ಕಿಂತ ದೊಡ್ಡದು ಬೇಕು ಅಂತಿದ್ದ. ನಿನಗೂ ಕಾಲು ಚಾಚಾಕ ಬರೂವಂಗ ಕಟ್ಟಸ್ತೇನಿ ಅಂತ ನನಗ ಹೇಳ್ತಿದ್ದ. ನನಗ ನಗಿ ಬರತಿತ್ತು."

ಹೊರಗೆ ಅಣ್ಣ ಹೊತ್ತಾಯಿತು ಅಂತ ಕೂಗಿದ. ಅವ್ವ ಬಗ್ಗಿ ತೊಟ್ಟಿಯ ತೂತಿಗೆ ತನ್ನ ಕೈಯೊರೆಸುವ ಅರಿವೆ ಗಿಡಿದಳು, ಚೊಂಬಿನಲ್ಲಿ ಉಳಿದಿದ್ದ ನೀರನ್ನು ನನ್ನ ಕಾಲಿಗೆ ಹಾಕಿದಳು.

"ಮನಿ ಆತು" ಅಂದಳು. "ಅಂವಾ ಇಲ್ಲೇ ಕುಂತಾನ."